ಹಾಸು ನೋಡಿ ಇಡು

ವೋಜ್ ಬೆಟ್ಟದ ಕಲ್ಲಿಗೆ ಹಸಿ ಇಟ್ಟಿಗೆಯ ಬಣ್ಣ.
ನೀರು ಚಿಮುಕಿಸಿ ಒರೆಸಿದರೆ ಮಾತ್ರ ಗೆರೆ ಕಾಣುತ್ತದೆ:
ಒಂದು ಕೆಂಪು, ಇನ್ನೊಂದು ತುಸು ಮಂಕು ಕೆಂಪು,
ನಡುವೆ ಅಭ್ರಕದ ಮಿಣುಕು.
ಯಾವುದೋ ಕಾಲದ ಹೊಳೆ
ತುಂಬಿ ಬಂದ ದಿನ ದಪ್ಪ ಮರಳು ಹಾಸಿತು,
ಇಳಿದ ದಿನ ಸಣ್ಣದು.
ಆ ಎರಡು ದಿನಗಳ ನಡುವಿನ ವ್ಯತ್ಯಾಸವೇ
ನನ್ನ ಕಸುಬು.

ಸ್ಟ್ರಾಸ್‌ಬರ್ಗಿನ ಒಂದು ನೆಲಮಾಳಿಗೆಯಲ್ಲಿ ಕೂತು
ಕಲ್ಲು ಕೊರೆಯುತ್ತೇನೆ.
ಒಂದೇ ದಿಮ್ಮಿಯಿಂದ ಮೂರು ಉರುಳೆ, ಎರಡು ಬೆರಳ ದಪ್ಪ:
ಪದರಗಳನ್ನು ಅಡ್ಡ ಹಾಯ್ದು ಒಂದು,
ಪದರದ ಉದ್ದಕ್ಕೇ ಒಂದು,
ಓರೆಯಾಗಿ ಒಂದು.
ತಾಮ್ರದ ಅಂಗಿ ತೊಡಿಸಿ, ಎಣ್ಣೆಯಲ್ಲಿ ಮುಳುಗಿಸಿ,
ಸುತ್ತಲಿಂದಲೂ ಅದುಮಿ, ಆಮೇಲೆ ನೆತ್ತಿಗೆ ಭಾರ.
ಅಂಗಿಗೆ ಕಿವಿಯಂತೆ ಅಂಟಿಸಿದ ಬಿಲ್ಲೆ
ಒಳಗೊಂದು ಹರಳು ಮುರಿದಾಗ ಟಿಕ್ ಎನ್ನುತ್ತದೆ.
ಹೊರಗೆ ಏನೂ ಕಾಣುವುದಿಲ್ಲ.
ಟಿಕ್.
ಮತ್ತೆ ಬಹಳ ಹೊತ್ತು ಏನೂ ಇಲ್ಲ.

ಓರೆಯದು ಎಲ್ಲಕ್ಕಿಂತ ಮೊದಲು ಸೋಲುತ್ತದೆ.
ಹೊಸದಾಗಿ ಒಡೆಯುವ ಕಷ್ಟ ಅದಕ್ಕಿಲ್ಲ,
ಹಳೆಯ ಗೆರೆಯಿದೆ, ಜಾರಿದರಾಯಿತು,
ಒದ್ದೆ ಮೆಟ್ಟಿಲ ಮೇಲೆ ಕಾಲಿಟ್ಟವನಂತೆ.
ಉದ್ದಕ್ಕೆ ಪದರ ಇರುವುದು, ನಿಲ್ಲಿಸಿದ ಹಾಳೆಗಳ ಕಟ್ಟು:
ತಡೆಯುತ್ತದೆ, ತಡೆಯುತ್ತದೆ, ಒಮ್ಮೆಗೇ ಸೀಳುತ್ತದೆ.
ಅಡ್ಡ ಪದರ ಹೊತ್ತದ್ದಕ್ಕೆ ಮಾತ್ರ
ಭೂಮಿಯಾಳದಷ್ಟು ಒತ್ತಡ ಕೊಟ್ಟು ನೋಡಿ,
ಒಡೆಯುವುದೇ ಇಲ್ಲ. ಕುಗ್ಗುತ್ತದೆ.
ಎಲ್ಲಕ್ಕಿಂತ ಸಡಿಲವಾದ ಪದರ ಮೊದಲು
ತನ್ನ ಪೊಳ್ಳು ಬಿಟ್ಟುಕೊಡುತ್ತದೆ, ಆಮೇಲೆ ಇನ್ನೊಂದು,
ಸದ್ದಿಲ್ಲದೆ ಅಲ್ಲ. ಟಿಕ್ ಟಿಕ್ ಟಿಕ್,
ತಗಡಿನ ಮಾಡಿಗೆ ಆಲಿಕಲ್ಲು.

ನನ್ನ ಸೋದರಮಾವ ಆರ್ಬೊಗಾಸ್ಟ್ ಕಲ್ಲುಕುಟಿಗ.
ಕಣಿಯಿಂದ ಎದ್ದ ಪ್ರತಿ ಕಲ್ಲಿನ ನೆತ್ತಿಗೂ
ಇದ್ದಲಿನಲ್ಲಿ ಒಂದು ಬಾಣ ಬರೆಯುತ್ತಿದ್ದ: ಇದು ಮೇಲು.
ಹಾಸು ನೋಡಿ ಇಡು, ಹುಡುಗರಿಗೆ ಬೈಯುತ್ತಿದ್ದ,
ಹೊಳೆ ಹೇಗೆ ಮಲಗಿಸಿತೋ ಗೋಡೆಯಲ್ಲೂ ಹಾಗೇ ಮಲಗಲಿ.
ಒಮ್ಮೆ ಮಾತ್ರ ತಪ್ಪಿದ.
ಚರ್ಚಿನ ಬಾಗಿಲ ಪಕ್ಕಕ್ಕೆ ಎತ್ತರದ ಮೂರ್ತಿ ಬೇಕಿತ್ತು,
ನಿಂತ ಸಂತನಿಗೆ ಮಲಗಿದ ಕಲ್ಲು ಸಾಲಲಿಲ್ಲ.
ಎಬ್ಬಿಸಿ ನಿಲ್ಲಿಸಿದ.
ಇಪ್ಪತ್ತೆರಡು ಚಳಿಗಾಲ ನೀರು ಹೊಕ್ಕು, ಹೆಪ್ಪುಗಟ್ಟಿ, ಹೊಕ್ಕು,
ಒಂದು ಭಾನುವಾರ ಸಂತನ ಮುಖ
ಮೂಗು ಗಡ್ಡ ಏನೂ ಮುಕ್ಕಾಗದೆ
ಬ್ರೆಡ್ಡಿನ ಹೋಳಿನಷ್ಟು ತೆಳ್ಳಗೆ ಎದ್ದು ಹಿಮದಲ್ಲಿ ಬಿತ್ತು.
ಮಾವ ಅದನ್ನು ಮನೆಗೆ ತಂದ. ಏನೂ ಹೇಳಲಿಲ್ಲ.
ಅತ್ತೆ ವಾಲ್ಬುರ್ಗಾ ಅದನ್ನು ಬೋರಲು ಹಾಕಿ
ಬಿಸಿ ಬಾಣಲೆ ಇಡುತ್ತಿದ್ದಳು.

ಕಳೆದ ಫೆಬ್ರವರಿಯಲ್ಲಿ ಅವನನ್ನು ಯಂತ್ರ ನೋಡಲು ಕರೆತಂದೆ.
ಸುತ್ತಿಗೆ ಎಂದೋ ಕಿವಿ ತಿಂದಿದೆ, ಟಿಕ್ ಕೇಳಿಸದು;
ಉಕ್ಕಿನ ಮೇಲೆ ಅಂಗೈ ಇಟ್ಟು ನಿಂತ,
ದನದ ಬಸಿರು ನೋಡುವವನ ಹಾಗೆ.
ಆಮೇಲೆ ತಟ್ಟೆಯಲ್ಲಿದ್ದ ಉರುಳೆ ಎತ್ತಿಕೊಂಡು
ಮೇಲು ಯಾವುದು, ಎಂದ.
ನನಗೆ ಗೊತ್ತಿರಲಿಲ್ಲ. ಯಾರೂ ಗುರುತು ಹಾಕಿರಲಿಲ್ಲ.
ಎಂಜಲು ಹಚ್ಚಿ ಉಜ್ಜಿದ. ಕಿಟಕಿಗೆ ಹಿಡಿದ.
ನೋಡು, ಈ ಓರೆಗೆರೆಗಳು ಬುಡದಲ್ಲಿ ಬಾಗಿ ಕೂಡುತ್ತವೆ,
ತಲೆಯಲ್ಲಿ ಕುಡುಗೋಲು ಆಡಿಸಿದಂತೆ ಕತ್ತರಿಸಿವೆ,
ಮುಂದಿನ ನೆರೆ ಬಂದು ಕೊಯ್ದದ್ದು ಅದು.
ಉರುಳೆಯನ್ನು ತಲೆಕೆಳಗು ಮಾಡಿ ನನ್ನ ಕೈಗಿಟ್ಟ.

ಯಂತ್ರಕ್ಕೆ ಎರಡೂ ಒಂದೇ ಮಾವ, ಎಂದೆ ಗಟ್ಟಿಯಾಗಿ.
ಯಂತ್ರಕ್ಕೆ, ಎಂದ.

ಈಗ ಪ್ರತಿ ಉರುಳೆಗೂ ಸೀಸದಕಡ್ಡಿಯಲ್ಲಿ ಬಾಣ ಬರೆಯುತ್ತೇನೆ.
ಅಂಕಿಗಳು ಒಂದಿಷ್ಟೂ ಬದಲಾಗಿಲ್ಲ.
ತಾಮ್ರದ ಅಂಗಿಯೊಳಗೆ ಬಾಣ ಕಾಣುವುದೂ ಇಲ್ಲ.
ದೀಪ ಆರಿಸಿ ಹೊರಡುವಾಗ
ಟಿಕ್.